ಮೋಡದ ಪಲ್ಯ

ಗಾಳಿಗುಡ್ಡದ ಶಿಶುಮನೆ, ಗದಗ ಸೀಮೆ
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರಾ ಅರವತ್ತೆಂಟು

ಮೊದಮೊದಲು ಶಿಶುಮನೆಗಳನ್ನು ನಡೆಸಿದ ಅಕ್ಕಂದಿರಿಗೂ, ಅಲ್ಲಿಗೆ ಮಕ್ಕಳನ್ನು ಕಳಿಸಿದ ಮನೆಯವರಿಗೂ ಕಸ್ತೂರೆವ್ವ ಮಾಡುವ ನಮಸ್ಕಾರ.

ನನ್ನ ಅಕ್ಷರ ಚೆನ್ನಾಗಿಲ್ಲ, ಮನ್ನಿಸಬೇಕು. ಸಾಲುಗಳು ಬಲಕ್ಕೆ ಹೋದಂತೆ ಕೆಳಗೆ ಜಾರುತ್ತವೆ. ನಾನು ಓದಿದ್ದು ಐದನೆಯ ಇಯತ್ತೆಯವರೆಗೆ ಮಾತ್ರ. ಕಾಗುಣಿತದ ತಪ್ಪುಗಳನ್ನು ಇಲ್ಲಿ ಪಾಠ ಹೇಳುವ ನಮ್ಮ ಫಕೀರವ್ವ ಅಕ್ಕೋರು ತಿದ್ದಿಕೊಟ್ಟಿದ್ದಾರೆ, ಬೇರೆ ಏನನ್ನೂ ತಿದ್ದುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರು. ನಮ್ಮ ಕಾಲದಲ್ಲಿ ಕೈಯಿಂದ ಬರೆಯುವವರು ಕಡಿಮೆ. ಮನೆಯ ಗೋಡೆಗೆ ಹೇಳಿದರೆ ಸಾಕು, ಅದೇ ಬರೆದುಕೊಡುತ್ತದೆ. ಆದರೆ ಅದು ನನ್ನ ಮಾತಿನ ಅಂಕುಡೊಂಕನ್ನು ತಿದ್ದುವಾಗ ನನ್ನ ತಪ್ಪನ್ನೂ ಸ್ವಲ್ಪ ಮೆತ್ತಗೆ ಮಾಡಿಬಿಡುತ್ತದೆ. ಹಾಗಾಗಬಾರದೆಂದು ಪೆನ್ಸಿಲ್ ಹಿಡಿದಿದ್ದೇನೆ. ಮೇಲಿನ ತಾರೀಕನ್ನು ನೋಡಿ ನಿಮಗೆ ನಗು ಬರಬಹುದು. ಬಹಳ ಹಿಂದೆಯೇ ಎಲ್ಲ ತಿಂಗಳುಗಳನ್ನೂ ಮೂವತ್ತು ದಿನಕ್ಕೆ ಸರಿಮಾಡಿದ್ದಾರೆ. ಉಳಿದ ಐದು ದಿನಗಳಿಗೆ ತಿಂಗಳೇ ಇಲ್ಲ, ಅವನ್ನು ಬಿಡುವಿನ ದಿನ ಎನ್ನುತ್ತೇವೆ. ಇಂಥ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಶಿಶುಮನೆಯ ಕಟ್ಟಳೆಯನ್ನು ಮುರಿದವರು, ಆ ಕಟ್ಟಳೆಯನ್ನು ಮೊದಲು ಮಾಡಿದವರಿಗೆ ಒಂದು ಕಾಗದ ಬರೆದು ಪೆಟ್ಟಿಗೆಯಲ್ಲಿ ಹಾಕಬೇಕು. ಅದು ನಿಮ್ಮನ್ನು ತಲುಪುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೂ ಬರೆಯುತ್ತೇವೆ.

ನಾನು ಇಲ್ಲಿಯ ಸಹಾಯಕಿ. ವಯಸ್ಸು ಹತ್ತೊಂಬತ್ತು. ಮಕ್ಕಳ ಎದುರು ನನಗೆ ಮಾತು ಬರುತ್ತದೆ, ದೊಡ್ಡವರ ಎದುರು ಬರುವುದಿಲ್ಲ. ನಮ್ಮ ಊರು ಗುಡ್ಡದ ಬುಡದಲ್ಲಿದೆ. ಗುಡ್ಡದ ಮೇಲೆ ಗಾಳಿಕಂಬಗಳಿವೆ, ಊರಿನ ಅರ್ಧ ಜನ ಅವುಗಳನ್ನು ಹತ್ತಿ ರೆಕ್ಕೆ ಒರೆಸುವ ಕೆಲಸ ಮಾಡುತ್ತಾರೆ. ರೊಟ್ಟಿ ಬಡಿಯುವ ಸದ್ದು ನಿಮ್ಮ ಕಾಲದಲ್ಲಿ ಹೇಗಿತ್ತೋ ಈಗಲೂ ಹಾಗೇ ಇದೆ ಎಂದು ಅಕ್ಕೋರು ಹೇಳುತ್ತಾರೆ. ಮನೆಗಳಿಗೆ ತಗಡಿನ ಚಾವಣಿ, ಒಂದು ಬದಿಗೆ ಮಾತುಗೋಡೆ. ನೀವು ಕೈಯಲ್ಲಿ ಹಿಡಿದುಕೊಂಡು ತಿರುಗುತ್ತಿದ್ದ ಫೋನಿನ ಕೆಲಸವನ್ನೆಲ್ಲ ಈಗ ಈ ಗೋಡೆ ಮಾಡುತ್ತದೆ. ಅದು ಚಿತ್ರ ತೋರಿಸುತ್ತದೆ, ದೂರದವರ ಮಾತು ಕೇಳಿಸುತ್ತದೆ, ಎಂಟು ದಿನದ ಮಾತನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಅದರಲ್ಲಿ ಬರುವುದನ್ನೆಲ್ಲ ನಾವು ಎರಡಾಗಿ ವಿಂಗಡಿಸುತ್ತೇವೆ. ನಡೆದದ್ದನ್ನು ನಡೆದ ಹಾಗೆ ಹಿಡಿದುಕೊಂಡು ಬಂದರೆ ಅದು ಹಿಡಿದದ್ದು. ಯಾರೋ ಕೂತು ತಯಾರು ಮಾಡಿದರೆ ಅದು ಕಟ್ಟಿದ್ದು. ಕಟ್ಟಿದ್ದೆಲ್ಲ ಕೆಟ್ಟದ್ದಲ್ಲ, ಮಕ್ಕಳು ನಗುವ ಕತೆಗಳೆಲ್ಲ ಕಟ್ಟಿದ್ದೇ. ಆದರೆ ಯಾವುದು ಯಾವುದೆಂದು ಗೊತ್ತಿರಬೇಕು.

ಅದಕ್ಕಾಗಿ ವಾರಕ್ಕೊಮ್ಮೆ ಕೂಡುಪಾಠ ನಡೆಯುತ್ತದೆ. ಮಗುವಿನ ಜೊತೆ ಮನೆಯವರೊಬ್ಬರು ಬಂದು ಚಾಪೆಯ ಮೇಲೆ ಕೂರಬೇಕು. ಅಜ್ಜಿ ಬಂದರೂ ಸರಿ, ಚಿಕ್ಕಪ್ಪ ಬಂದರೂ ಸರಿ. ಒಂದು ಚಿತ್ರವನ್ನೋ, ಹಾಡನ್ನೋ, ಬಿಸ್ಕತ್ತಿನ ಪೊಟ್ಟಣವನ್ನೋ ನಡುವೆ ಇಟ್ಟುಕೊಂಡು ಮಕ್ಕಳು ಮೂರು ಪ್ರಶ್ನೆ ಕೇಳುತ್ತಾರೆ. ಇದನ್ನು ಯಾರು ಮಾಡಿದರು? ಯಾಕೆ ಮಾಡಿದರು? ಇದರಲ್ಲಿ ಯಾರು ಇಲ್ಲ? ಉತ್ತರವನ್ನು ಮನೆಯವರೇ ಹುಡುಕಬೇಕು, ಅಕ್ಕೋರು ಬಾಯಿ ಹಾಕುವಂತಿಲ್ಲ. ಈ ಪದ್ಧತಿಯನ್ನು ನೀವು ಶುರುಮಾಡಿದಿರಿ ಎಂದು ಕೇಳಿದ್ದೇನೆ. ಮಗು ಶಿಶುಮನೆಯಲ್ಲಿ ಕಲಿತದ್ದು ಮನೆಯಲ್ಲಿ ನಡೆಯದಿದ್ದರೆ ಎರಡು ದಿನ ಉಳಿಯುವುದಿಲ್ಲ, ಆದ್ದರಿಂದ ಮನೆಯನ್ನೇ ಒಳಗೆ ಕರೆಯಬೇಕು ಎಂದು ನೀವು ಹೇಳಿದಿರಂತೆ. ನಮ್ಮಲ್ಲಿ ಇದು ಬಹಳ ಗದ್ದಲದ ಹೊತ್ತು. ಒಮ್ಮೆ ಕಳಕಪ್ಪಜ್ಜ ಮೊಣಕಾಲಿಗೆ ಹಚ್ಚುವ ಎಣ್ಣೆಯ ಚಿತ್ರ ತಂದಿದ್ದ. ಅದರಲ್ಲಿ ಮುದುಕನೊಬ್ಬ ಎಣ್ಣೆ ಹಚ್ಚಿಕೊಂಡು ಓಡುತ್ತಾನೆ. ಮೊಮ್ಮಗ ಅದನ್ನು ನೋಡಿ, "ಅಜ್ಜಾ, ಈ ಓಡಾಕತ್ತಾವಗ ಮದ್ಲ ಮೊಣಕಾಲು ನೋವಿತ್ತನ?" ಎಂದು ಕೇಳಿದ. ಅಜ್ಜ ಮೊಣಕಾಲು ತಿಕ್ಕಿಕೊಳ್ಳುತ್ತ, "ಎಂಟು ಡಬ್ಬಿ ಹಚ್ಚಿಕೊಂಡ ಮ್ಯಾಲೆ ಕೇಳ್ತೀಯಲ್ಲಲೇ, ಮದ್ಲ ಕೇಳಾಕ ಏನಾಗಿತ್ತು ನಿನಗ?" ಅಂದ. ಕೂತವರೆಲ್ಲ ಬಿದ್ದು ಬಿದ್ದು ನಕ್ಕರು.

ಇನ್ನು ಮನೆಗುರುತಿನ ವಿಷಯ ಹೇಳಬೇಕು, ನನ್ನ ತಪ್ಪು ಅಲ್ಲಿಯದೇ. ನಾನು ಹುಟ್ಟುವ ಮೊದಲು ಈ ಸೀಮೆಯಲ್ಲಿ ಕಳ್ಳದನಿಗಳ ಕಾಟವಿತ್ತು. ಅಪ್ಪನ ದನಿಯನ್ನೋ ಅವ್ವನ ದನಿಯನ್ನೋ ಹಾಗೆಹಾಗೇ ಕಟ್ಟಿ, ಗೋಡೆಯಿಂದ ಮಕ್ಕಳನ್ನು ಹೊರಗೆ ಕರೆಯುತ್ತಿದ್ದರು. ಹಾಗೆ ಹೋದ ಮೂರು ಮಕ್ಕಳು ತಿರುಗಿ ಬರಲಿಲ್ಲ. ಅಂದಿನಿಂದ ಪ್ರತಿ ಮಗುವಿಗೂ ಮನೆಯವರ ಜೊತೆ ಒಂದು ಗುರುತು ಇರಬೇಕೆಂದು ಕಟ್ಟಳೆಯಾಯಿತು. ಮಗು ಒಂದು ಪ್ರಶ್ನೆ ಕೇಳುತ್ತದೆ, ಮನೆಯವರು ಇಬ್ಬರಿಗೆ ಮಾತ್ರ ಗೊತ್ತಿರುವ ಒಂದು ಉತ್ತರ ಹೇಳಬೇಕು. ಗುರುತು ಮಾಡಿಕೊಳ್ಳುವಾಗ ನಾವು ಹೊರಗೆ ಹೋಗಬೇಕು. ಮಗು ಅದನ್ನು ಮತ್ತೆ ಯಾರಿಗೂ ಹೇಳಬಾರದು. ಗೋಡೆಯ ದನಿಗೆ ಉತ್ತರ ಬಾರದಿದ್ದರೆ ಬಾಗಿಲು ತೆಗೆಯದೆ ಮಂಚದ ಕೆಳಗೆ ಸೇರಿಕೊಳ್ಳಬೇಕು. ಎಲ್ಲ ಮುಗಿದ ಮೇಲೆ ಸಹಾಯಕಿ ದಾಖಲೆ ಪುಸ್ತಕದಲ್ಲಿ ಮಗುವಿನ ಹೆಸರಿನ ಮುಂದೆ "ಬಂದರು, ಗುರುತಾಯಿತು" ಎಂದು ಬರೆಯುತ್ತಾಳೆ. ಮನೆಯವರ ಸಹಿ ಬೇಡ. ಸಹಿ ಎಂದರೆ ಜನ ಅಂಜಿ ದೂರ ಉಳಿಯುತ್ತಾರೆ ಎಂದು ಹಿಂದಿನವರೇ ಅದನ್ನು ತೆಗೆದಿದ್ದರು. ಸಹಾಯಕಿಯ ಮಾತನ್ನು ನಂಬಿದರೆ ಸಾಕು ಎಂದುಕೊಂಡರು.

ನೀಲಗಂಗಾ ಐದು ವರ್ಷದ ಹುಡುಗಿ. ತಾಯಿ ತೀರಿಕೊಂಡು ಎರಡು ವರ್ಷವಾಯಿತು. ತಂದೆ ಗವಿಸಿದ್ದಪ್ಪ ಗಾಳಿಕಂಬದ ಕೆಲಸದವರು. ಕಳೆದ ಮಳೆಗಾಲದಲ್ಲಿ ಅವರು ಎರಡೆರಡು ಪಾಳಿ ಮಾಡುತ್ತಿದ್ದರು, ಕೂಡುಪಾಠಕ್ಕೆ ಒಂದು ದಿನವೂ ಬರಲಾಗಲಿಲ್ಲ. ಬಾರದ ಮನೆಯವರನ್ನು ಹೋಗಿ ಕರೆಯುವುದು ನನ್ನ ಕೆಲಸ. ಮೊದಲನೆಯ ಸಲ ಹೋದಾಗ ಬಾಗಿಲು ಹಾಕಿತ್ತು. ಎರಡನೆಯ ಸಲ ಅವರು ಹೊಸ್ತಿಲ ಮೇಲೆ ಬೂಟು ಕಳಚದೆ ಹಾಗೇ ಮಲಗಿದ್ದರು. ಎಬ್ಬಿಸಲು ಬಾಯಿ ಬರಲಿಲ್ಲ. ಸ್ವಲ್ಪ ಹೊತ್ತು ನಿಂತು ತಿರುಗಿ ಬಂದೆ. ಮೂರನೆಯ ಸಲ ಗುಡ್ಡದ ಗೇಟಿಗೇ ಹೋದೆ. ಅಲ್ಲಿ ಐದಾರು ಮಂದಿ ಗಂಡಸರು ಚಹಾ ಕುಡಿಯುತ್ತಿದ್ದರು. ಗವಿಸಿದ್ದಪ್ಪ ಇದ್ದಾರೆಯೇ ಎಂದು ಕೇಳಿದೆ. ಒಬ್ಬ ಕಪ್ಪು ಕೆಳಗಿಟ್ಟು, "ಏ ಗವ್ಯಾ, ಬಾರಲೇ, ನಿನ್ನ ನೋಡಾಕ ಕನ್ಯಾನ ಬಂದೈತಿ. ಜಗತ್ತಿನಾಗ ಗಂಡಿನ ಮನಿಯವರು ಹೆಣ್ಣು ನೋಡ್ತಾರ, ಇದು ಉಲ್ಟಾ!" ಎಂದು ಕೂಗಿದ. ಉಳಿದವರು ನಕ್ಕರು. ಅವರು ಕೆಟ್ಟವರಲ್ಲ, ದಣಿದವರ ತಮಾಷೆ ಅದು. ಆದರೆ ನಾನು ಅಲ್ಲಿ ನಿಲ್ಲಲಿಲ್ಲ. ಇಳಿಜಾರಿನಲ್ಲಿ ಓಡುವಾಗ ಒಂದು ಚಪ್ಪಲಿ ಕಳಚಿತು, ತಿರುಗಿ ಹೋಗಿ ತೆಗೆದುಕೊಳ್ಳಲೂ ಇಲ್ಲ.

ಮರುದಿನ ಅಕ್ಕೋರು, "ಒಂದ ಮನಿ ಉಳದೈತಿ ನೋಡ ಕಸ್ತೂರಿ," ಅಂದರು. ಗೇಟಿನಿಂದ ಓಡಿಬಂದೆ ಎಂದು ಹೇಳಲು ನಾಚಿಕೆಯಾಯಿತು. "ಇವತ್ತ ಬರ್ತಾರಂತ್ರಿ," ಅಂದುಬಿಟ್ಟೆ. ಮಧ್ಯಾಹ್ನ ಅಕ್ಕೋರು ಊಟಕ್ಕೆ ಹೋದಾಗ ನೀಲಗಂಗಾಳನ್ನು ಕರೆದುಕೊಂಡು ಹೋಗಿ ಚಾಪೆಯ ಮೇಲೆ ಅವಳಪ್ಪ ಕೂರಬೇಕಾದ ಜಾಗದಲ್ಲಿ ನಾನೇ ಕೂತೆ. ಅವಳಿಗೆ ಬಹಳ ಖುಷಿಯಾಯಿತು. ಎಲ್ಲ ಮಕ್ಕಳಿಗೂ ಗುರುತು ಇತ್ತು, ಅವಳಿಗೊಬ್ಬಳಿಗೇ ಇರಲಿಲ್ಲ. "ನಾ ಏನ್ ಪಲ್ಯ ಮಾಡೀ ಅಂತ ಕೇಳ್ತೀನಿ, ನೀ ಮೋಡದ ಪಲ್ಯ ಅನ್ನಬೇಕು," ಎಂದಳು. "ಮೋಡಕ್ಕ ಉಪ್ಪು ಎಷ್ಟ ಹಾಕೂದು?" ಎಂದೆ. "ಅದೇನ್ ಹಾಕೂದ್ ಬ್ಯಾಡ, ಅದರಾಗ ಮಳಿ ಇರತೈತಿ," ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ, "ಮನಿಗೆ ಹೋಗಿ ಅಪ್ಪಗ ಹೇಳ್ಬೇಕು, ಹಾಂ?" ಎಂದೆ. ಅವಳು ಕಣ್ಣರಳಿಸಿ, "ಗುರುತು ಯಾರಿಗೂ ಹೇಳಬಾರದು ಅಂತ ನೀನ ಹೇಳೀಯಲ್ಲಕ್ಕಾ," ಎಂದಳು. ಹೇಗೂ ಮಕ್ಕಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಸಂಜೆಯೊಳಗೆ ಅಪ್ಪನಿಗೆ ಹೇಳಿಯೇ ಹೇಳುತ್ತಾಳೆ ಎಂದುಕೊಂಡೆ. ಪುಸ್ತಕ ತೆಗೆದು "ಬಂದರು, ಗುರುತಾಯಿತು" ಎಂದು ಬರೆದೆ. ಅವಳು ಯಾರಿಗೂ ಹೇಳಲಿಲ್ಲ. ಮಗು ಕಟ್ಟಳೆ ಪಾಲಿಸಿತು, ನಾನು ಪಾಲಿಸಲಿಲ್ಲ.

ಡಿಸೆಂಬರಿನಲ್ಲಿ ಕೆಂಧೂಳಿ ಬಂತು. ಕೆಂಧೂಳಿ ಎಂದರೆ ಬಯಲಿನ ಕಡೆಯಿಂದ ಏಳುವ ಕೆಂಪು ಬಿರುಗಾಳಿ. ವರ್ಷಕ್ಕೆ ಒಂದೆರಡು ಸಲ ಬರುತ್ತದೆ, ತಗಡುಗಳನ್ನು ಕಿತ್ತು ಎಸೆಯುತ್ತದೆ. ಅದು ಬಂದಾಗ ಎಲ್ಲರೂ ಊರ ನಡುವಿನ ಕಲ್ಲುಮನೆಗೆ ಹೋಗಬೇಕು. ಆ ದಿನ ನೀಲಗಂಗಾ ಜ್ವರವೆಂದು ಮನೆಯಲ್ಲಿದ್ದಳು. ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ನೀರಿನ ಟಾಕಿಗೆ ಹೋಗಿದ್ದಳು, ಗಾಳಿಗೆ ಸಿಕ್ಕಿ ಅಲ್ಲೇ ಉಳಿದಳು. ಗುಡ್ಡದ ಮೇಲಿನವರಿಗೆ ಧೂಳು ಅರ್ಧ ತಾಸು ಮೊದಲೇ ಕಾಣುತ್ತದೆ. ಕೆಲಸದ ಹೊತ್ತಿನಲ್ಲಿ ಎಂದೂ ಮನೆಗೆ ಕೂಗದ ಗವಿಸಿದ್ದಪ್ಪ ಅಂದು ಕಂಬದ ಮೇಲಿನಿಂದಲೇ ಮನೆಯ ಗೋಡೆಗೆ ಕೂಗಿದರು. ಆಮೇಲೆ ಶಿಶುಮನೆಗೂ ಕೂಗಿದರಂತೆ. ಅಷ್ಟರಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿದ್ದರು, ನಾನು ಉಳಿದ ಹನ್ನೊಂದು ಮಕ್ಕಳನ್ನು ಸಾಲು ಹಿಡಿಸಿಕೊಂಡು ಕಲ್ಲುಮನೆಗೆ ಹೋಗಿದ್ದೆ. ಹನ್ನೆರಡನೆಯದು ನೆರೆಯವರ ಕೂಡ ಇರುತ್ತದೆ ಎಂದುಕೊಂಡಿದ್ದೆ.

ಗೋಡೆ ಹಿಡಿದಿಟ್ಟ ಮಾತನ್ನು ಮೂರನೆಯ ದಿನ ಶಿಶುಮನೆಯಲ್ಲಿ ಎಲ್ಲರೂ ಕೂತು ಕೇಳಿದೆವು. ಕೇಳಿದ್ದನ್ನು ಹಾಗೇ ಬರೆಯುತ್ತೇನೆ.

"ನೀಲಾ, ನೀಲವ್ವಾ, ಏಳು. ಧೂಳಿ ಬರಾಕತ್ತೈತಿ. ಕಲ್ಲಮನಿಗೆ ಓಡು."

"ಏನ್ ಪಲ್ಯ ಮಾಡೀ?"

"ಏನವ್ವಾ?"

"ಇವತ್ತ ಏನ್ ಪಲ್ಯ ಮಾಡೀ, ಹೇಳು."

"ಬದನಿಕಾಯಿ ಮಾಡಿಟ್ಟೀನಿ, ಒಲಿ ಮ್ಯಾಲ ಐತಿ. ಆಮ್ಯಾಲ ಉಣ್ಣೂವಂತಿ. ಈಗ ಓಡು ನನ್ನವ್ವಾ."

"ತಪ್ಪು."

"ಏನ್ ತಪ್ಪ? ಅವರಿಕಾಯಿ ನಿನ್ನೀದು. ನೀಲಾ, ನಾ ನಿಮ್ಮಪ್ಪ ಅದೀನಿ!"

"ಕಳ್ಳರೂ ಹಂಗ ಅಂತಾರ."

ಆಮೇಲೆ ಮಂಚದ ಕೆಳಗೆ ತೆವಳುವ ಸದ್ದು. ಆಮೇಲೆ ಅವರು ಹೆಸರು ಹಿಡಿದು ಕೂಗುವುದು, ಒಂದರ ಮೇಲೊಂದು. ಕೊನೆಕೊನೆಗೆ ಮೆಣಸಿನಕಾಯಿ ಪಲ್ಯ, ಹೆಸರುಕಾಳಿನ ಪಲ್ಯ, ಪುಂಡಿಪಲ್ಯ ಎಂದು ತಮಗೆ ಗೊತ್ತಿದ್ದ ಪಲ್ಯದ ಹೆಸರನ್ನೆಲ್ಲ ಹೇಳಿದರು. ಆಮೇಲೆ ಗಾಳಿ.

ಚಾವಣಿಯ ತೊಲೆ ಮಂಚದ ಮೇಲೆ ಬಿತ್ತು. ನೀಲಗಂಗಾ ನಾಲ್ಕು ತಾಸು ಅದರ ಕೆಳಗಿದ್ದಳು. ಎಡಗೈ ಎರಡು ಕಡೆ ಮುರಿಯಿತು. ಬದುಕಿದಳು. ಆ ಕೈ ಈಗಲೂ ಮೊಣಕೈಯಿಂದ ಮುಂದಕ್ಕೆ ಪೂರ್ತಿ ಚಾಚುವುದಿಲ್ಲ.

ಮಾತು ಕೇಳಿಸಿ ಮುಗಿದ ಮೇಲೆ ಫಕೀರವ್ವ ಅಕ್ಕೋರು ದಾಖಲೆ ಪುಸ್ತಕ ತೆಗೆದರು. "ಇಲ್ಲಿ ಬರದೈತಲ್ಲ ಗವಿಸಿದ್ದಪ್ಪ, ನೀವು ಬಂದಿದ್ರಿ, ಗುರುತು ಮಾಡಿದ್ರಿ," ಎಂದರು. ಬೈಯುವ ದನಿಯಲ್ಲಿ ಹೇಳಲಿಲ್ಲ, ಮೆಲ್ಲಗೆ ಹೇಳಿದರು. ಗವಿಸಿದ್ದಪ್ಪ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಇಲ್ಲ, ನಾನು ಬಂದಿಲ್ಲ ಎಂದು ಅವರು ಹೇಳುತ್ತಾರೆ, ಆಗ ನಾನು ಎದ್ದು ನಿಲ್ಲುತ್ತೇನೆ ಎಂದು ಕಾಯುತ್ತಿದ್ದೆ. ಅವರು ಹಾಗೆ ಹೇಳಲಿಲ್ಲ. "ಬರದಾರ ಅಂದ ಮ್ಯಾಲ ಬಂದಿರ್ತೀನ್ರಿ. ಆಗ ಎರಡು ಪಾಳಿ ಇತ್ತು, ನಿದ್ದಿಗಣ್ಣಾಗ ಬಂದು ಹೋಗಿರಬೇಕು. ಮಗಳು ಇಟ್ಟ ಗುರುತು ಮರತೀನಿ ನೋಡ್ರಿ," ಎಂದು ಪುಸ್ತಕ ಮುಚ್ಚಿದರು. ಗುರುತಿನ ಮಾತನ್ನು ಮಗುವಿನ ಬಾಯಿಂದ ಕೇಳುವಂತಿಲ್ಲ, ಹಾಗಾಗಿ ನೀಲಗಂಗಾಳನ್ನು ಯಾರೂ ಕೇಳಲಿಲ್ಲ. ನಾನು ಎದ್ದು ನಿಲ್ಲಲಿಲ್ಲ. ಚಾಪೆಯ ಅಂಚಿನ ದಾರ ಬಿಚ್ಚುತ್ತ ಕೂತಿದ್ದೆ.

ಆಮೇಲಿನ ಎರಡು ತಿಂಗಳನ್ನು ಹೇಗೆ ಬರೆಯಬೇಕೋ ತಿಳಿಯದು. ಗವಿಸಿದ್ದಪ್ಪ ಗುಡ್ಡದ ಕೆಲಸ ಬಿಟ್ಟರು. ಮರೆವಿನವನು ಎತ್ತರ ಹತ್ತಬಾರದು, ಹಗ್ಗ ಬಿಗಿಯುವುದನ್ನೇ ಮರೆತರೆ ಏನು ಗತಿ ಎಂದರಂತೆ. ಕೆಳಗೆ ತಗಡು ಜೋಡಿಸುವ ಕೆಲಸಕ್ಕೆ ಸೇರಿದರು. ಬೆಳಿಗ್ಗೆ ಮಗಳನ್ನು ಬಿಡಲು ಬಂದಾಗ ಅಂಗೈಯ ಮೇಲೆ ಏನೇನೋ ಬರೆದುಕೊಂಡಿರುತ್ತಿದ್ದರು: ಔಷಧ, ನೀರು, ನೀಲಾ. ಜನ ಅವರ ಮುಂದೆ ಏನೂ ಅನ್ನುತ್ತಿರಲಿಲ್ಲ, ಹಿಂದೆ ಅನ್ನುತ್ತಿದ್ದರು. ನನಗೆ ಎಲ್ಲವೂ ಕೇಳಿಸುತ್ತಿತ್ತು. ನೀಲಗಂಗಾ ಮಾತ್ರ ಮೊದಲಿನಂತೆಯೇ ನನ್ನ ಸೆರಗು ಹಿಡಿದು ತಿರುಗುತ್ತಿದ್ದಳು. ಒಂದು ದಿನ ನಾನು ಶಿಶುಮನೆಯಿಂದ ಅವರ ಗೋಡೆಗೆ ಕೂಗಿ, ನಾಳೆ ರಜೆ ಎಂದು ತಿಳಿಸಿದೆ. ಅವಳು ಗುರುತು ಕೇಳಿದಳು, ನಾನು ಉತ್ತರ ಹೇಳಿದೆ. "ಹೂಂ, ಇದು ಖರೇ ದನಿ," ಎಂದು ಹೊರಗೆ ಅಂಗಳದಲ್ಲಿದ್ದ ಅಪ್ಪನಿಗೆ ಕೂಗಿ ಹೇಳಿದ್ದು ನನಗೆ ಕೇಳಿಸಿತು. ಅವರ ಮನೆಯಲ್ಲಿ ಅಪ್ಪನ ದನಿ ಕಳ್ಳದನಿಯಾಗಿ ನನ್ನ ದನಿ ಖರೇ ದನಿಯಾಗಿತ್ತು. ಆದರೂ ಯಾರಿಗೂ ಹೇಳಲಿಲ್ಲ. ಇಂದು ಹೇಳಬೇಕು ಎಂದುಕೊಂಡು ಹೋಗುತ್ತಿದ್ದೆ, ಮಕ್ಕಳ ಮೂಗು ಒರೆಸಿ, ಗಂಜಿ ಬಡಿಸಿ, ಸಂಜೆ ಮನೆಗೆ ಬರುತ್ತಿದ್ದೆ.

ಐದು ದಿನದ ಹಿಂದಿನ ಕೂಡುಪಾಠಕ್ಕೆ ಹನ್ನೆರಡು ಮನೆಯವರೂ ಬಂದಿದ್ದರು. ಗವಿಸಿದ್ದಪ್ಪ ಧೂಳಿಯ ನಂತರ ಒಂದು ವಾರವೂ ತಪ್ಪಿಸಿರಲಿಲ್ಲ. ಅಕ್ಕೋರು ಅಂದು ಮಕ್ಕಳಿಗೆ, ಈ ಕೋಣೆಯಲ್ಲಿ ನಿಮಗೆ ಇಷ್ಟವಾದ ಏನನ್ನಾದರೂ ತನ್ನಿ, ಪ್ರಶ್ನೆ ಕೇಳೋಣ ಎಂದರು. ಒಬ್ಬ ಹಾಲಿನ ಪುಡಿಯ ಡಬ್ಬಿ ತಂದ. ಒಬ್ಬಳು ಗೋಡೆಯ ಮೇಲಿನ ನವಿಲಿನ ಚಿತ್ರ ತೋರಿಸಿದಳು. ನೀಲಗಂಗಾ ಸ್ಟೂಲು ಹತ್ತಿ, ಬಲಗೈಯಿಂದ ದಾಖಲೆ ಪುಸ್ತಕ ಎಳೆದುಕೊಂಡು ಬಂದು ನಡುವೆ ಇಟ್ಟಳು. ಅದರ ರಟ್ಟಿನ ಮೇಲೆ ಬಾತುಕೋಳಿಯ ಚಿತ್ರವಿದೆ, ಅದಕ್ಕೇ ತಂದಳು. "ಇದನ್ನ ಯಾರು ಮಾಡ್ಯಾರ?" ಎಂದು ಅಪ್ಪನನ್ನು ಕೇಳಿದಳು. ಅವರು, "ಒಳಗಿಂದು ಕಸ್ತೂರಕ್ಕ ಬರದಾಳವ್ವಾ," ಎಂದರು. "ಯಾಕ ಬರದಾಳ?" "ಯಾರ್ಯಾರು ಬಂದಿದ್ರು ಅಂತ ಗೊತ್ತಾಗ್ಲಿ ಅಂತ." "ಇದರಾಗ ಯಾರು ಇಲ್ಲ?" ಅವರು ಪುಟ ತಿರುವಿ, "ಎಲ್ಲಾರೂ ಅದಾರಲ್ಲ, ನಾನೂ ಅದೀನಿ," ಎಂದು ಸಣ್ಣಗೆ ನಕ್ಕರು. ಎರಡು ತಿಂಗಳಲ್ಲಿ ಅವರು ನಕ್ಕದ್ದು ನಾನು ಅದೇ ಮೊದಲು ನೋಡಿದ್ದು.

ಆ ನಗುವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. "ನೀವು ಅದರಾಗ ಇಲ್ರೀ ಅಣ್ಣಾರ. ಅದನ್ನ ನಾ ಕಟ್ಟೀನ್ರಿ. ನೀವು ಬಂದಿರಲಿಲ್ಲ, ಗುರುತು ನಾನ ಮಾಡಿಸೀನಿ," ಎಂದೆ. ದನಿ ಅಷ್ಟು ಸಣ್ಣಗೆ ಬಂತೆಂದರೆ ಕಳಕಪ್ಪಜ್ಜ, "ಏನಂತಾಳ ಆ ಹುಡುಗಿ?" ಎಂದು ಕೇಳಿದ. ಎರಡನೆಯ ಸಲ ಎಲ್ಲರಿಗೂ ಕೇಳುವಂತೆ ಹೇಳಬೇಕಾಯಿತು. ಹನ್ನೆರಡು ಮನೆಯವರಿದ್ದರು, ಬಿಸ್ಕತ್ತಿನ ಪೊಟ್ಟಣವನ್ನೂ ಎಣ್ಣೆ ಡಬ್ಬಿಯನ್ನೂ ಯಾರು ಮಾಡಿದರೆಂದು ಕೇಳಿದವರು, ಆ ಪುಸ್ತಕದ ಬಗ್ಗೆ ಮಾತ್ರ ಅಂದಿನವರೆಗೆ ಒಬ್ಬರೂ ಕೇಳಿರಲಿಲ್ಲ. ಗವಿಸಿದ್ದಪ್ಪ ನನ್ನ ಕಡೆ ನೋಡಲೇ ಇಲ್ಲ. ತಮ್ಮ ಅಂಗೈ ನೋಡಿಕೊಂಡು, "ಹಂಗಾರ ನಾ ಮರತಿರಲಿಲ್ಲ," ಎಂದರು. ಮತ್ತೊಮ್ಮೆ, "ಮರತಿರಲಿಲ್ಲ," ಎಂದರು. ಮಗಳನ್ನು ಎತ್ತಿಕೊಂಡು ಹೊರಟುಹೋದರು.

ಮರುದಿನ ಬಾಗಿಲಲ್ಲಿ ನಿಂತು, ನಡೆದದ್ದನ್ನೆಲ್ಲ ನನ್ನ ಬಾಯಿಂದ ಕೇಳಿ ಬೈದರು. ಬೈಯಲಿ ಎಂದೇ ಕಾದಿದ್ದೆ. "ನನ್ನ ಎಬ್ಬಿಸಬೇಕಿತ್ತು ತಂಗಿ. ಮಲಗಿದ್ದನ್ನ ನೋಡಿ ಹೋದೆ ಅಂತೀ. ಕಾಲಿಲೆ ಒದ್ದು ಎಬ್ಬಿಸಿದ್ರೂ ನಾ ಏನ್ ಅಂತಿರಲಿಲ್ಲ. ನನ್ನ ಮಗಳಿಗೆ ನಾ ಬೇಕಾಗಿದ್ದೆ, ನೀ ಅಲ್ಲ," ಎಂದರು. ಅಕ್ಕೋರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ದಾಖಲೆ ಬರೆಯುವ ಕೆಲಸ ಬೇರೆಯವರಿಗೆ ಕೊಟ್ಟರು. ಆ ದಿನ ಗವಿಸಿದ್ದಪ್ಪ ಮತ್ತು ನೀಲಗಂಗಾ ಒಳಗೆ ಕೂತು ಹೊಸ ಗುರುತು ಮಾಡಿಕೊಂಡರು. ಅಕ್ಕೋರೂ ನಾನೂ ಅಂಗಳದ ಆಚೆ ನಿಂತಿದ್ದೆವು. ಮಗು ಅದನ್ನು ನಂಬಲು ಇನ್ನೂ ಎಷ್ಟು ದಿನ ಬೇಕೋ. ಮೊನ್ನೆ ಅವರು ಗೋಡೆಯಿಂದ ಕರೆದು ಸರಿಯಾದ ಉತ್ತರ ಹೇಳಿದರೂ, ಅವಳು ಕಿಟಕಿಯಿಂದ ಇಣುಕಿ, ಅಪ್ಪ ಕಣ್ಣಿಗೆ ಕಂಡ ಮೇಲೆಯೇ ಬಾಗಿಲು ತೆಗೆದಳಂತೆ.

ನಿಮ್ಮಲ್ಲಿ ಒಂದು ಬೇಡಿಕೆ ಇದೆ. ನಿಮ್ಮ ಶಿಶುಮನೆಗಳಿಗೂ ಬಾರದ ಮನೆಯವರು ಇರುತ್ತಾರೆ. ಪಾಳಿಯವರು, ದಣಿದವರು, ಶಾಲೆಯ ಮೆಟ್ಟಿಲು ಹತ್ತಲು ಅಂಜುವವರು. ಅವರನ್ನು ಕರೆಯಲು ಹೋಗುವವಳು ನನ್ನಂಥ ಅಂಜುಬುರುಕಿಯೂ ಆಗಿರಬಹುದು. ಅವಳ ಜೊತೆ ಇನ್ನೊಬ್ಬರನ್ನು ಕಳಿಸಿ. ಬಾರದಿದ್ದರೆ ಬಂದಿಲ್ಲ ಎಂದು ಬರೆಯಲು ಬಿಡಿ, ಆ ಮಾತಿಗೆ ಅವಳನ್ನು ನಾಚಿಸಬೇಡಿ. ಅವರು ಕೂರಬೇಕಾದ ಚಾಪೆ ಖಾಲಿ ಇದ್ದರೆ ಖಾಲಿಯೇ ಇರಲಿ. ಖಾಲಿ ಚಾಪೆ ಕಂಡರೆ ಯಾರಾದರೂ ಹೋಗಿ ಕರೆಯುತ್ತಾರೆ. ನಾನು ಕೂತದ್ದರಿಂದ ಅದು ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಕೆಟ್ಟದ್ದು ಮಾಡಬೇಕೆಂದು ಕೂರಲಿಲ್ಲ ಎಂದು ಬರೆಯಹೊರಟೆ. ಅದು ನಿಜವೇ. ಆದರೆ ಅದನ್ನು ಬರೆದರೆ ನಾನೂ ಗೋಡೆಯ ಹಾಗೆ ನನ್ನ ತಪ್ಪನ್ನು ಮೆತ್ತಗೆ ಮಾಡಿದಂತಾಗುತ್ತದೆ.

ಇಂದು ಬೆಳಿಗ್ಗೆ ನೀಲಗಂಗಾ ಹೆರಳು ಬಿಚ್ಚಿಕೊಂಡೇ ಬಂದಳು. ಒಂದು ಕೈಯಿಂದ ಅವಳಿಗೆ ಹಾಕಿಕೊಳ್ಳಲಾಗುವುದಿಲ್ಲ. ಎರಡು ತಿಂಗಳಿಂದ ನಾನೇ ಹಾಕುತ್ತಿದ್ದೆ. ಎಂದಿನಂತೆ ರಿಬ್ಬನ್ನು ಚಾಚಿ, ನನಗೆ ಬೆನ್ನು ಮಾಡಿ ಕೂತಳು. ಗವಿಸಿದ್ದಪ್ಪ ಇನ್ನೂ ಅಂಗಳ ದಾಟಿರಲಿಲ್ಲ. "ಅಣ್ಣಾರ, ನಿಂದರ್ರಿ," ಎಂದು ಕೂಗಿದೆ. ರಿಬ್ಬನ್ನು ಅವರ ಕೈಗೆ ಕೊಟ್ಟೆ. ಅವರು ಮೆಟ್ಟಿಲ ಮೇಲೆ ಕೂತು, ತಗಡು ಹಿಡಿದು ಒರಟಾದ ಬೆರಳುಗಳಿಂದ ಕೂದಲನ್ನು ಮೂರು ಪಾಲು ಮಾಡಿದರು. ಹೆಣೆದರು, ಬಿಚ್ಚಿದರು, ಮತ್ತೆ ಹೆಣೆದರು. ಅವಳು, "ಎಳೀಬ್ಯಾಡಪಾ, ನೋಯ್ತೈತಿ," ಎಂದಳು. ಅವರು, "ಸುಮ್ಮ ಕುಂದ್ರು, ಕುದುರಿ," ಎಂದರು. ಹೆರಳು ಒಂದು ಕಡೆ ಸೊಟ್ಟಗಾಗಿ ಕಿವಿಯ ಹತ್ತಿರ ಬಂದಿತ್ತು. ಅವಳು ಒಳಗೆ ಓಡಿ ಬಂದಾಗ ಸರಿಮಾಡಲು ನನ್ನ ಕೈ ಮುಂದೆ ಹೋಯಿತು. ಹಿಂದಕ್ಕೆ ತೆಗೆದುಕೊಂಡು, ಗಂಜಿಯ ಬಟ್ಟಲುಗಳನ್ನು ಜೋಡಿಸಿದೆ.